ವಿದೇಶದಲ್ಲಿ ಒಬ್ಬ ಉದ್ಯೋಗಿ: ಮೈಸೂರಿನ ಸಣ್ಣ ಕಂಪನಿಗೆ ಯಾವ ಸಂಬಳದ ವ್ಯವಸ್ಥೆ ಹೊಂದುತ್ತದೆ?

ಹೆಬ್ಬಾಳ, ಹೂಟಗಳ್ಳಿಗಳ ಸಾಫ್ಟ್‌ವೇರ್ ಕಂಪನಿಗಳಿರಲಿ, ನಂಜನಗೂಡಿನ ಯಂತ್ರೋಪಕರಣ ತಯಾರಕರಿರಲಿ, ಮಂಡ್ಯದಿಂದ ಬೆಲ್ಲ ರಫ್ತು ಮಾಡುವವರಿರಲಿ, ಹೊರದೇಶದಲ್ಲಿ ಒಬ್ಬಿಬ್ಬರು ಉದ್ಯೋಗಿಗಳನ್ನು ಇಟ್ಟುಕೊಳ್ಳಬೇಕಾದ ಸಂದರ್ಭ ಈಗ ಯಾರಿಗೂ ಅಪರೂಪವಲ್ಲ. ಅಂಥ ತೀರ್ಮಾನವಾದ ಕೂಡಲೇ ಮಾಲೀಕರು ಆಡಿಟರನ್ನು ಕೇಳುವ ಮೊದಲ ಪ್ರಶ್ನೆ ತಿಂಗಳಿಗೆ ಎಷ್ಟು ಖರ್ಚು ಬೀಳುತ್ತದೆ ಎಂಬುದು. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ವ್ಯಕ್ತಿ ಕುಳಿತು ಕೆಲಸ ಮಾಡುವ ದೇಶದ ಕಾನೂನು ಯಾರನ್ನು ಅವರ ಮಾಲೀಕ ಎಂದು ಪರಿಗಣಿಸುತ್ತದೆ? ಸಂಬಳದಿಂದ ತೆರಿಗೆ ಕಡಿಯುವ ಹೊಣೆ, ಸಾಮಾಜಿಕ ಭದ್ರತೆಯ ವಂತಿಗೆ, ಕೆಲಸದಿಂದ ತೆಗೆಯುವಾಗ ಕೊಡಬೇಕಾದ ನೋಟಿಸು, ಇವೆಲ್ಲವೂ ಆ ಉತ್ತರದ ಮೇಲೆ ನಿಂತಿವೆ. ಸಂಬಳ ಮೈಸೂರಿನ ಬ್ಯಾಂಕಿನಿಂದ ಹೋಗುತ್ತದೆ ಎಂಬ ಕಾರಣಕ್ಕೆ ಮೈಸೂರಿನ ನಿಯಮ ಮಾತ್ರ ಅನ್ವಯಿಸುತ್ತದೆ ಎಂದುಕೊಳ್ಳುವುದು ಬಹಳ ಕಡೆ ಕಾಣುವ ತಪ್ಪು ತಿಳಿವಳಿಕೆ.

ದಾರಿಗಳು ಮುಖ್ಯವಾಗಿ ನಾಲ್ಕು. ಇಲ್ಲಿನ ಉದ್ಯೋಗಿಯನ್ನೇ ಡೆಪ್ಯುಟೇಷನ್ ಮೇಲೆ ಕಳುಹಿಸುವುದು ಒಂದು. ಅಲ್ಲಿನವರೊಬ್ಬರನ್ನು ಸ್ವತಂತ್ರ ಗುತ್ತಿಗೆದಾರರಾಗಿ ಇಟ್ಟುಕೊಳ್ಳುವುದು ಇನ್ನೊಂದು. ಕಾಗದಪತ್ರದಲ್ಲಿ ಮಾಲೀಕನಾಗಿ ನಿಲ್ಲುವ ಅಲ್ಲಿನ ಎಂಪ್ಲಾಯರ್ ಆಫ್ ರೆಕಾರ್ಡ್ ಸಂಸ್ಥೆಯೊಂದರ, ಅಂದರೆ ರೂಢಿಯ ಮಾತಿನಲ್ಲಿ ಇಒಆರ್‌ನ, ಮೂಲಕ ನೇಮಿಸಿಕೊಳ್ಳುವುದು ಮೂರನೆಯದು. ಸ್ವಂತ ಅಂಗಸಂಸ್ಥೆಯನ್ನು ತೆರೆಯುವುದು ನಾಲ್ಕನೆಯದು. ಇವುಗಳ ನಡುವೆ, ಅಂಗಸಂಸ್ಥೆಯಿಲ್ಲದೆಯೇ ವಿದೇಶಿ ಮಾಲೀಕರಾಗಿ ಅಲ್ಲಿನ ತೆರಿಗೆ ಇಲಾಖೆಯಲ್ಲಿ ನೇರವಾಗಿ ನೋಂದಾಯಿಸಿಕೊಳ್ಳುವ ಐದನೆಯ ದಾರಿಯೂ ಕೆಲವು ದೇಶಗಳಲ್ಲಿದೆ. ಅದರ ಬಗ್ಗೆ ಸಲಹೆಗಾರರು ಸಾಮಾನ್ಯವಾಗಿ ತಾವಾಗಿಯೇ ಬಾಯಿಬಿಡುವುದಿಲ್ಲ.

ಇಲ್ಲಿಂದ ಕಳುಹಿಸುವುದಾದರೆ

ಡೆಪ್ಯುಟೇಷನ್ ಮೇಲ್ನೋಟಕ್ಕೆ ಸುಲಭವಾಗಿ ಕಾಣುತ್ತದೆ. ಉದ್ಯೋಗಿ ಪರಿಚಿತರು, ಪಿಎಫ್ ಖಾತೆ ಮುಂದುವರಿಯುತ್ತದೆ, ಇಲ್ಲಿನ ಪೇರೋಲ್‌ನಲ್ಲಿ ಹೆಸರು ಉಳಿಯುತ್ತದೆ. ಆದರೆ ಮೊದಲ ಅಡ್ಡಿ ತೆರಿಗೆಯದಲ್ಲ, ವೀಸಾದ್ದು. ಅಮೆರಿಕದ ಎಲ್-1 ವೀಸಾ ಸಿಗಬೇಕಾದರೆ ಅಲ್ಲಿ ಸಂಬಂಧಿತ ಕಂಪನಿ ಇರಬೇಕು, ಇಲ್ಲವೇ ಹೊಸ ಕಚೇರಿ ತೆರೆಯುವ ಹೆಸರಿನಲ್ಲಿ ಅರ್ಜಿ ಹಾಕಬೇಕು. ಬ್ರಿಟನ್ನಿನಲ್ಲೂ ಉದ್ಯೋಗಿಯನ್ನು ಅಲ್ಲಿನ ಸಂಬಂಧಿತ ಸಂಸ್ಥೆಯೊಂದು ಪ್ರಾಯೋಜಿಸಬೇಕು. ಅಲ್ಲಿ ಇನ್ನೂ ಕಾಲೂರದ ಕಂಪನಿಗೆ ಎಕ್ಸ್‌ಪ್ಯಾನ್ಷನ್ ವರ್ಕರ್ ಎಂಬ ಪ್ರತ್ಯೇಕ ವರ್ಗವಿದೆ. ಹಾಗಾಗಿ ಕಂಪನಿ ತೆರೆಯುವ ತಾಪತ್ರಯ ಬೇಡವೆಂದು ಡೆಪ್ಯುಟೇಷನ್ ಆರಿಸಿಕೊಂಡವರು ಹಲವು ಬಾರಿ ವೀಸಾಕ್ಕಾಗಿಯೇ ಕಂಪನಿ ತೆರೆಯಬೇಕಾಗುತ್ತದೆ.

ತೆರಿಗೆಯ ವಿಷಯಕ್ಕೆ ಬಂದರೆ 183 ದಿನಗಳ ನಿಯಮ ಎಲ್ಲರ ಬಾಯಲ್ಲೂ ಇದೆ, ಪೂರ್ತಿಯಾಗಿ ಓದಿದವರು ಕಡಿಮೆ. ದ್ವಿತೆರಿಗೆ ತಪ್ಪಿಸುವ ಒಪ್ಪಂದಗಳಲ್ಲಿ ಅಲ್ಪಾವಧಿಯ ಉದ್ಯೋಗಿಗೆ ವಿನಾಯಿತಿ ಸಿಗಬೇಕಾದರೆ ಮೂರು ಷರತ್ತುಗಳು ಒಟ್ಟಿಗೆ ಪೂರೈಸಬೇಕು: ಆ ದೇಶದಲ್ಲಿನ ವಾಸ 183 ದಿನ ಮೀರಬಾರದು, ಸಂಬಳ ಕೊಡುವ ಮಾಲೀಕರು ಆ ದೇಶದ ನಿವಾಸಿಯಾಗಿರಬಾರದು, ಮತ್ತು ಆ ಸಂಬಳದ ಹೊರೆಯನ್ನು ಆ ದೇಶದಲ್ಲಿರುವ ಮಾಲೀಕರ ಕಾಯಂ ನೆಲೆ, ಅಂದರೆ ಅಲ್ಲಿ ಕಂಪನಿ ತೆರಿಗೆಗೆ ಒಳಪಡಿಸುವಂಥ ವ್ಯವಹಾರದ ನೆಲೆ, ಹೊರಬಾರದು. ಲಂಡನ್ನಿನ ಅಂಗಸಂಸ್ಥೆಗೆ ಕಳುಹಿಸಿ, ಸಂಬಳದ ಖರ್ಚನ್ನು ಅದರ ಲೆಕ್ಕಕ್ಕೇ ಹಾಕಿದರೆ, ಹೋದವರು 60 ದಿನಕ್ಕೇ ಹಿಂತಿರುಗಿದರೂ ಈ ವಿನಾಯಿತಿ ಕೈತಪ್ಪುವ ಸಂಭವವಿದೆ. ದಿನ ಎಣಿಸುವ ವರ್ಷವೂ ಎಲ್ಲ ಕಡೆ ಒಂದೇ ಅಲ್ಲ. ಕೆಲವು ಒಪ್ಪಂದಗಳು ತೆರಿಗೆ ವರ್ಷವನ್ನು ಹಿಡಿದರೆ ಮತ್ತೆ ಕೆಲವು ಯಾವುದೇ ಸತತ ಹನ್ನೆರಡು ತಿಂಗಳನ್ನು ಹಿಡಿಯುತ್ತವೆ. ತೆರಿಗೆ ವರ್ಷವಾದರೂ ಬ್ರಿಟನ್ನಿನಲ್ಲಿ ಏಪ್ರಿಲ್ 6ಕ್ಕೆ, ಅಮೆರಿಕದಲ್ಲಿ ಜನವರಿ 1ಕ್ಕೆ, ನಮ್ಮಲ್ಲಿ ಏಪ್ರಿಲ್ 1ಕ್ಕೆ ಆರಂಭವಾಗುತ್ತದೆ.

ನಮ್ಮ ಕಡೆಯ ಲೆಕ್ಕದಲ್ಲಿ ಹೊರಡುವ ದಿನಾಂಕಕ್ಕೆ ಇರುವ ಬೆಲೆಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ನಾಗರಿಕರು ಆ ಹಣಕಾಸು ವರ್ಷದಲ್ಲಿ ಇಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ನಿವಾಸಿಗಳಾಗುತ್ತಾರೆ. ಏಪ್ರಿಲ್ 1ರಿಂದ ಇಲ್ಲೇ ಇದ್ದವರು ಹೊರಡುವ ದಿನವನ್ನೂ ಸೇರಿಸಿ ಎಣಿಸಿದರೆ, ಸೆಪ್ಟೆಂಬರ್ 28ಕ್ಕೆ ವಿಮಾನ ಹತ್ತಿದಾಗ 181 ದಿನವಾಗುತ್ತದೆ, ಮರುದಿನ ಹತ್ತಿದರೆ 182. ಈ ಒಂದು ದಿನದ ವ್ಯತ್ಯಾಸದಿಂದ ಮುಂದಿನ ಆರು ತಿಂಗಳ ವಿದೇಶಿ ಸಂಬಳವೂ ಭಾರತದ ತೆರಿಗೆಯ ಬಲೆಗೆ ಬೀಳುತ್ತದೆ. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಜಮೆ ಪಡೆಯಬಹುದು ನಿಜ. ಆದರೆ 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯಡಿ ಫಾರಂ 67 ಎನ್ನುತ್ತಿದ್ದ ನಮೂನೆ, ಅಲ್ಲಿನ ತೆರಿಗೆಯ ದಾಖಲೆ, ರಿಟರ್ನ್‌ನಲ್ಲಿ ವಿದೇಶಿ ಬ್ಯಾಂಕ್ ಖಾತೆಯ ವಿವರ, ಇವೆಲ್ಲ ಉದ್ಯೋಗಿಯ ತಲೆಗೆ ಕಟ್ಟಿಕೊಳ್ಳುತ್ತವೆ. ದುಬೈಗೆ ಹೋದವರಿಗೆ ಅಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದಿರುವುದರಿಂದ ಜಮೆಗೆ ಪಡೆಯಲು ಏನೂ ಇರುವುದಿಲ್ಲ, ಇಲ್ಲಿನ ತೆರಿಗೆ ಪೂರ್ತಿಯಾಗಿ ಬೀಳುತ್ತದೆ. ಟಿಕೆಟ್ ತೆಗೆಯುವ ಮೊದಲು ಕ್ಯಾಲೆಂಡರ್ ನೋಡುವುದು ಆಡಿಟರ ಕೆಲಸ ಎಂದು ಬಿಡದೆ ಎಚ್‌ಆರ್ ವಿಭಾಗವೇ ನೋಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಅನಿವಾಸಿಯಾದ ಮೇಲೆ ಹೊರದೇಶದಲ್ಲಿ ಮಾಡಿದ ಕೆಲಸದ ಸಂಬಳ ತತ್ತ್ವತಃ ಭಾರತದಲ್ಲಿ ಉಂಟಾದ ಆದಾಯವಲ್ಲ. ಆದರೂ ಆ ಸಂಬಳವನ್ನು ಇಲ್ಲಿನ ಉಳಿತಾಯ ಖಾತೆಗೆ ಜಮಾ ಮಾಡಿದರೆ, ಭಾರತದಲ್ಲಿ ಸ್ವೀಕರಿಸಿದ ಆದಾಯ ಎಂಬ ವಾದಕ್ಕೆ ಎಡೆಯಾಗುತ್ತದೆ. ಇಂಥ ತಕರಾರುಗಳು ನ್ಯಾಯಮಂಡಳಿಗಳವರೆಗೆ ಹೋಗಿವೆ. ಸಂಬಳ ಮೊದಲು ಹೊರದೇಶದ ಖಾತೆಗೆ ಬಿದ್ದು, ಅಲ್ಲಿಂದ ಮನೆಗೆ ಬೇಕಾದಷ್ಟು ಇಲ್ಲಿಗೆ ಬರುವ ಏರ್ಪಾಡು ಹೆಚ್ಚು ನಿರಾಳ.

ಸಾಮಾಜಿಕ ಭದ್ರತೆಯ ಒಪ್ಪಂದವಿರುವ ದೇಶಗಳಿಗೆ ಕಳುಹಿಸುವಾಗ ಡೆಪ್ಯುಟೇಷನ್ ನಿಜಕ್ಕೂ ಲಾಭದಾಯಕ. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಜಪಾನ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳೊಂದಿಗೆ ಭಾರತಕ್ಕೆ ಇಂಥ ಒಪ್ಪಂದಗಳಿವೆ. ಭವಿಷ್ಯ ನಿಧಿ ಸಂಘಟನೆಯಿಂದ ಸರ್ಟಿಫಿಕೇಟ್ ಆಫ್ ಕವರೇಜ್ ಪಡೆದು ಹೋದರೆ, ಜರ್ಮನಿಯಲ್ಲಿ 48 ತಿಂಗಳು, ಜಪಾನಿನಲ್ಲಿ ಐದು ವರ್ಷ, ಅಲ್ಲಿನ ಪಿಂಚಣಿ ವಂತಿಗೆಯಿಂದ ವಿನಾಯಿತಿ ಪಡೆಯಬಹುದು. ಪಿಂಚಣಿಯ ಮಟ್ಟಿಗೆ ಇಲ್ಲಿನ ಪಿಎಫ್ ಕಟ್ಟಿದರೆ ಸಾಕು. ಪ್ರಮಾಣಪತ್ರಕ್ಕೆ ಅರ್ಜಿ ಆನ್‌ಲೈನ್‌ನಲ್ಲೇ ಸಲ್ಲಿಕೆಯಾಗುತ್ತದೆ. ಹೊರಟ ಮೇಲೆ ತರಿಸಿಕೊಂಡರಾಯಿತು ಎಂದು ತಡಮಾಡಿದರೆ ನಡುವಿನ ತಿಂಗಳುಗಳ ವಂತಿಗೆಯನ್ನು ಅಲ್ಲಿನ ಸಂಸ್ಥೆ ಕೇಳುವ ಸಾಧ್ಯತೆ ಇದೆ. ಅಮೆರಿಕದೊಂದಿಗೆ ನಮಗೆ ಇಂಥ ಒಪ್ಪಂದವಿಲ್ಲ. ಅಲ್ಲಿ ಸೋಷಿಯಲ್ ಸೆಕ್ಯುರಿಟಿಗೆ ಕಟ್ಟಿದ ಹಣ, ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಮನಾದ 40 ಕ್ರೆಡಿಟ್‌ಗಳು ತುಂಬದ ಹೊರತು, ಪಿಂಚಣಿಯಾಗಿ ಹಿಂತಿರುಗುವುದಿಲ್ಲ. ಇಲ್ಲಿಯ ಪೇರೋಲ್ ಮುಂದುವರಿಸಿದರೆ ಪಿಎಫ್ ಕೂಡ ಅದರ ಜೊತೆಗೇ ನಡೆಯುತ್ತದೆ.

ದೀರ್ಘಾವಧಿಯ ಡೆಪ್ಯುಟೇಷನ್‌ನಲ್ಲಿ ಹಣ ಇಲ್ಲಿಂದಲೇ ಹೋದರೂ, ಅಲ್ಲಿ ಕಡಿಯಬೇಕಾದ ತೆರಿಗೆಯನ್ನು ಲೆಕ್ಕ ಹಾಕಿ ಅಲ್ಲಿನ ಇಲಾಖೆಗೆ ವರದಿ ಮಾಡಲು ಶ್ಯಾಡೋ ಪೇರೋಲ್ ಎಂಬ ಎರಡನೆಯ ಲೆಕ್ಕ ನಡೆಸಬೇಕಾಗುತ್ತದೆ. ಅದರ ಸೇವಾಶುಲ್ಕವನ್ನು ಯಾರೂ ಮೊದಲ ಅಂದಾಜಿನಲ್ಲಿ ಬರೆದಿರುವುದಿಲ್ಲ.

ಗುತ್ತಿಗೆದಾರ ಎಂದು ಕರೆದ ಮಾತ್ರಕ್ಕೆ

ಎಲ್ಲಕ್ಕಿಂತ ಅಗ್ಗ ಎನಿಸುವುದು ಗುತ್ತಿಗೆಯ ದಾರಿ. ಬಿಲ್ಲು ಬರುತ್ತದೆ, ಬ್ಯಾಂಕಿನಿಂದ ಹಣ ಹೋಗುತ್ತದೆ, ಅಲ್ಲಿನ ಪೇರೋಲ್ ಇಲ್ಲ. ಹಲವು ಗಿರಾಕಿಗಳಿಗೆ ಕೆಲಸ ಮಾಡುವ, ಸ್ವಂತ ಸಲಕರಣೆ ಬಳಸುವ, ವೇಳೆಯನ್ನು ತಾವೇ ನಿರ್ಧರಿಸುವ ವಿನ್ಯಾಸಕಾರರಿಗೋ ಅನುವಾದಕರಿಗೋ ಇದು ಸರಿಯಾದ ವ್ಯವಸ್ಥೆ. ದಿನಕ್ಕೆ ಎಂಟು ಗಂಟೆ ನಿಮ್ಮ ಮ್ಯಾನೇಜರ್ ಹೇಳಿದಂತೆ ನಡೆಯುವ, ರಜೆಗೆ ನಿಮ್ಮಲ್ಲೇ ಅನುಮತಿ ಕೇಳುವ ವ್ಯಕ್ತಿಗೆ ಅದೇ ಕರಾರು ಬರೆದರೆ ಅದು ಕಾಗದದ ಮೇಲಿನ ಗುತ್ತಿಗೆ ಅಷ್ಟೆ. ಜರ್ಮನಿಯಲ್ಲಿ ಇಂಥ ಸೋಗಿನ ಸ್ವತಂತ್ರೋದ್ಯೋಗ ಪತ್ತೆಯಾದರೆ ಸಾಮಾನ್ಯವಾಗಿ ಹಿಂದಿನ ನಾಲ್ಕು ವರ್ಷಗಳ ಸಾಮಾಜಿಕ ಭದ್ರತಾ ವಂತಿಗೆಯನ್ನು, ಉದ್ಯೋಗಿಯ ಪಾಲನ್ನೂ ಸೇರಿಸಿ, ಮಾಲೀಕರಿಂದ ವಸೂಲು ಮಾಡುತ್ತಾರೆ. ಉದ್ಯೋಗಿಯ ಪಾಲನ್ನು ಅವರ ಸಂಬಳದಿಂದ ಹಿಂಪಡೆಯಲು ಮುಂದಿನ ಮೂರು ಸಂಬಳಗಳವರೆಗೆ ಮಾತ್ರ ಅವಕಾಶ. ಕ್ಯಾಲಿಫೋರ್ನಿಯಾ 2020ರಿಂದ ಜಾರಿಗೆ ತಂದ ಮೂರಂಶದ ಪರೀಕ್ಷೆಯಲ್ಲಿ ಸ್ವತಂತ್ರರೆಂದು ಸಾಬೀತುಪಡಿಸುವ ಹೊಣೆ ಕೆಲಸ ಕೊಟ್ಟವರದ್ದೇ. ಜೊತೆಗೆ ಗುತ್ತಿಗೆದಾರರು ಬರೆದ ಕೋಡ್‌ನ ಹಕ್ಕು ತಾನಾಗಿಯೇ ನಿಮ್ಮದಾಗುವುದಿಲ್ಲ. ಅದನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಇಒಆರ್ ಮತ್ತು ಸ್ವಂತ ಕಂಪನಿ

ಇಒಆರ್ ವ್ಯವಸ್ಥೆಯಲ್ಲಿ ಅಲ್ಲಿನ ಸಂಸ್ಥೆಯೊಂದು ಕಾಗದಪತ್ರದ ಮಟ್ಟಿಗೆ ಮಾಲೀಕನಾಗಿ, ಸಂಬಳ, ತೆರಿಗೆ, ವಿಮೆ, ಪಿಂಚಣಿಗಳನ್ನು ತನ್ನ ಹೆಸರಿನಲ್ಲಿ ನಿಭಾಯಿಸುತ್ತದೆ. ದಿನನಿತ್ಯದ ಕೆಲಸ ನೀವು ಹೇಳಿದಂತೆ ನಡೆಯುತ್ತದೆ. ತಲೆಗೆ ಇಷ್ಟು ಎಂದೋ ಸಂಬಳದ ಶೇಕಡಾವಾರು ಎಂದೋ ಶುಲ್ಕವಿರುತ್ತದೆ. ಆ ಶುಲ್ಕದ ಆಚೆಗೆ, ಮುಂಗಡ ಠೇವಣಿ ಎಷ್ಟು, ರೂಪಾಯಿಯನ್ನು ಪೌಂಡಿಗೋ ಯೂರೋಗೋ ಬದಲಿಸುವ ದರ ಯಾರದು, ಉದ್ಯೋಗಿಯನ್ನು ತೆಗೆದಾಗ ಬರುವ ಪರಿಹಾರದ ಖರ್ಚು ಯಾರ ಮೇಲೆ, ಎಂಬ ಮೂರು ವಿಷಯಗಳನ್ನು ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ನಿಜವಾದ ಬೆಲೆ ಶುಲ್ಕದ ಸಾಲಿನಲ್ಲಿ ಕಾಣುವುದಿಲ್ಲ, ವಿನಿಮಯ ದರದಲ್ಲಿ ಅಡಗಿರುತ್ತದೆ.

ಜರ್ಮನಿಯಲ್ಲಿ ಇಒಆರ್ ಕೆಲಸವನ್ನು ಸಾಮಾನ್ಯವಾಗಿ ಕಾರ್ಮಿಕರನ್ನು ಎರವಲು ಕೊಡುವ ಕಾನೂನಿನಡಿ ನೋಡಲಾಗುತ್ತದೆ. ಅದಕ್ಕೆ ಪರವಾನಗಿ ಬೇಕು. ಒಬ್ಬರನ್ನು ಒಂದೇ ಗಿರಾಕಿಗೆ ಕೊಡುವ ಅವಧಿ 18 ತಿಂಗಳು ಮೀರುವಂತಿಲ್ಲ. ಆದ್ದರಿಂದ ಜರ್ಮನಿಯಲ್ಲಿ ಇಒಆರ್ ಒಂದು ತಾತ್ಕಾಲಿಕ ನೆಲೆ ಎಂದೇ ತಿಳಿದು, ಹದಿನೈದನೆಯ ತಿಂಗಳಿನ ಹೊತ್ತಿಗೆ ಮುಂದಿನ ದಾರಿಯನ್ನು ನಿಶ್ಚಯಿಸಿಕೊಳ್ಳಬೇಕು.

ಇಒಆರ್ ಇದ್ದರೆ ಕಂಪನಿ ತೆರಿಗೆಯ ತೊಡಕಿಲ್ಲ ಎಂಬ ಮಾತನ್ನು ಮಾರಾಟಗಾರರು ಧಾರಾಳವಾಗಿ ಹೇಳುತ್ತಾರೆ, ಅದನ್ನು ನಂಬಬಾರದು. ಕಾಯಂ ನೆಲೆ ಇದೆಯೇ ಎಂಬುದನ್ನು ತೀರ್ಮಾನಿಸುವುದು ಸಂಬಳದ ಚೀಟಿಯ ಮೇಲಿನ ಹೆಸರಲ್ಲ, ಆ ವ್ಯಕ್ತಿ ಮಾಡುವ ಕೆಲಸ. ದುಬೈಯಲ್ಲಿ ಕುಳಿತ ಪ್ರತಿನಿಧಿ ನಿಮ್ಮ ಪರವಾಗಿ ಬೆಲೆ ನಿಗದಿಪಡಿಸಿ, ಕರಾರು ಕುದುರಿಸಿ, ರೂಢಿಯಾಗಿ ಸಹಿ ಹಾಕುತ್ತಿದ್ದರೆ ಅಲ್ಲಿ ನಿಮಗೊಂದು ಕಾಯಂ ನೆಲೆ ಇದೆ ಎಂದು ದ್ವಿತೆರಿಗೆ ಒಪ್ಪಂದದ ಐದನೆಯ ವಿಧಿಯ ಪ್ರಕಾರ ವಾದಿಸಬಹುದು. ಬೆಂಬಲ ಕೊಡುವ ಎಂಜಿನಿಯರ್ ಅಥವಾ ಪರೀಕ್ಷಕರ ವಿಷಯದಲ್ಲಿ ಈ ಆತಂಕ ಬಹಳ ಕಡಿಮೆ. ಜರ್ಮನಿಯೊಂದಿಗಿನ ಒಪ್ಪಂದದಲ್ಲಿ ಯಂತ್ರ ಜೋಡಣೆಯ ಕಾಮಗಾರಿಗೆ, ಅದರ ಮೇಲ್ವಿಚಾರಣೆಗೆ ಆರು ತಿಂಗಳ ಮಿತಿ ಇದೆ. ನಂಜನಗೂಡಿನಿಂದ ಯಂತ್ರ ಕಳುಹಿಸಿ ಅದನ್ನು ಕೂರಿಸಲು ಫಿಟ್ಟರುಗಳನ್ನು ಸರದಿಯಂತೆ ಕಳುಹಿಸುವವರು, ಪ್ರತಿಯೊಬ್ಬರೂ ಎರಡೇ ತಿಂಗಳು ಇದ್ದರೆಂದು ನೆಮ್ಮದಿಯಾಗಿರುವಂತಿಲ್ಲ. ಎಣಿಕೆ ಆಳಿನದಲ್ಲ, ಕಾಮಗಾರಿಯದು.

ಸ್ವಂತ ಅಂಗಸಂಸ್ಥೆಯ ವಿಷಯದಲ್ಲಿ ಅಲ್ಲಿನ ನೋಂದಣಿಗಿಂತ ಇಲ್ಲಿನ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ, ನಿಯಮಗಳೇ ಹೆಚ್ಚು ಶಿಸ್ತು ಬೇಡುತ್ತವೆ. 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಸ್ವಯಂಚಾಲಿತ ಮಾರ್ಗದಲ್ಲಿ, ಅಂದರೆ ಮುಂಗಡ ಅನುಮತಿಯಿಲ್ಲದೆ, ನಿವ್ವಳ ಸಂಪತ್ತಿನ ಶೇ 400ರವರೆಗೆ ಹಣಕಾಸು ಬದ್ಧತೆಗೆ ಅವಕಾಶವಿದೆ. ಹಣ ಕಳುಹಿಸುವ ಮೊದಲೇ ಬ್ಯಾಂಕಿನ ಮೂಲಕ ಫಾರಂ ಎಫ್‌ಸಿ ಸಲ್ಲಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. ಷೇರು ಪ್ರಮಾಣಪತ್ರವನ್ನು ಆರು ತಿಂಗಳೊಳಗೆ ಒಪ್ಪಿಸಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ಕಾರ್ಯನಿರ್ವಹಣಾ ವರದಿ, ಜುಲೈ 15ರೊಳಗೆ ರಿಸರ್ವ್ ಬ್ಯಾಂಕಿಗೆ ವಿದೇಶಿ ಆಸ್ತಿ, ಹೊಣೆಗಳ ವಿವರವಾದ ಎಫ್‌ಎಲ್‌ಎ ರಿಟರ್ನ್ ಹೋಗಬೇಕು. ಅಂಗಸಂಸ್ಥೆ ಒಂದು ರೂಪಾಯಿಯ ವ್ಯವಹಾರ ಮಾಡದ ವರ್ಷದಲ್ಲೂ ಈ ಕರ್ತವ್ಯ ತಪ್ಪುವುದಿಲ್ಲ.

ಅಂಗಸಂಸ್ಥೆ ಮತ್ತು ತಾಯಿ ಕಂಪನಿಯ ನಡುವಿನ ವ್ಯವಹಾರ ಮಾರುಕಟ್ಟೆಯ ದರದಲ್ಲಿರಬೇಕಾದ್ದರಿಂದ, ಅದು ಮಾಡಿದ ಖರ್ಚಿನ ಮೇಲೆ ಒಂದಿಷ್ಟು ಲಾಭಾಂಶ ಸೇರಿಸಿ ಬಿಲ್ಲು ಕೊಡುವ ಪದ್ಧತಿ ಸಾಮಾನ್ಯ. ಆ ಲಾಭಕ್ಕೆ ಅಲ್ಲಿ ಕಂಪನಿ ತೆರಿಗೆ ಬೀಳುತ್ತದೆ, ಇಲ್ಲಿ ಟ್ರಾನ್ಸ್‌ಫರ್ ಪ್ರೈಸಿಂಗ್ ವರದಿ ಬೇಕಾಗುತ್ತದೆ. ಎಲ್ಲ ತೀರ್ಮಾನಗಳೂ ಮೈಸೂರಿನಲ್ಲೇ ಆಗುತ್ತವೆ ಎಂಬ ಕಾರಣಕ್ಕೆ ಆ ವಿದೇಶಿ ಕಂಪನಿಯನ್ನೇ ಭಾರತದ ನಿವಾಸಿ ಎಂದು ಪರಿಗಣಿಸುವ ನಿಯಮವೂ ಇದೆ. ವರ್ಷದ ವಹಿವಾಟು 50 ಕೋಟಿ ರೂ. ಮೀರದ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ ನಮ್ಮಲ್ಲಿನ ಹೆಚ್ಚಿನವರು ಆ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದೇಶದೇಶಕ್ಕೆ ಸ್ಥಾಪನೆಯ ಷರತ್ತುಗಳೂ ಬೇರೆ: ಜರ್ಮನಿಯ ಖಾಸಗಿ ಸೀಮಿತ ಕಂಪನಿಯಾದ ಜಿಎಂಬಿಎಚ್‌ಗೆ ಕನಿಷ್ಠ 25,000 ಯೂರೋ ಬಂಡವಾಳ ಬೇಕು, ಸಿಂಗಪುರದಲ್ಲಿ ಕನಿಷ್ಠ ಒಬ್ಬ ನಿರ್ದೇಶಕರು ಅಲ್ಲಿನ ನಿವಾಸಿಯಾಗಿರಬೇಕು.

ಐದನೆಯ ದಾರಿಯ ವಿಷಯ ಇಷ್ಟು. ಬ್ರಿಟನ್ನಿನಲ್ಲಿ ನೆಲೆಯಿಲ್ಲದ ವಿದೇಶಿ ಮಾಲೀಕರ ಉದ್ಯೋಗಿ ತಾವೇ ತೆರಿಗೆ, ವಂತಿಗೆ ಕಟ್ಟುವ ನೇರ ಪಾವತಿ ಯೋಜನೆ ಇದೆ. ಅಮೆರಿಕದಲ್ಲಿ ಮಾಲೀಕರ ಗುರುತಿನ ಸಂಖ್ಯೆ ಪಡೆದು, ಉದ್ಯೋಗಿ ಇರುವ ರಾಜ್ಯದಲ್ಲಿ ನೋಂದಾಯಿಸಿಕೊಂಡರೆ ಪೇರೋಲ್ ನಡೆಸಬಹುದು. ಜರ್ಮನಿಯಲ್ಲಿ ಕಾಯಂ ನೆಲೆಯಿಲ್ಲದ ವಿದೇಶಿ ಮಾಲೀಕರು ಸಂಬಳದ ತೆರಿಗೆ ಕಡಿಯಬೇಕಾಗಿಲ್ಲ, ಆದರೆ ಸಾಮಾಜಿಕ ವಿಮೆಗೆ ನೋಂದಾಯಿಸಲೇಬೇಕು. ಖರ್ಚು ಕಡಿಮೆ, ಆದರೆ ಉದ್ಯೋಗಿ ಲೆಕ್ಕಪತ್ರದಲ್ಲಿ ಅಚ್ಚುಕಟ್ಟಾಗಿರಬೇಕು, ಮತ್ತು ಕಾಯಂ ನೆಲೆಯ ಪ್ರಶ್ನೆ ನೇರವಾಗಿ ನಿಮ್ಮ ಬಾಗಿಲಿಗೇ ಬರುತ್ತದೆ.

ದೇಶ ಬದಲಾದರೆ ಲೆಕ್ಕವೂ ಬೇರೆ

ಬ್ರಿಟನ್ನಿನಲ್ಲಿ ವರ್ಷಕ್ಕೆ 48,000 ಪೌಂಡ್ ಸಂಬಳದ ಒಬ್ಬ ಉದ್ಯೋಗಿಯನ್ನು ತೆಗೆದುಕೊಳ್ಳೋಣ. 2025ರ ಏಪ್ರಿಲ್‌ನಿಂದ ಅಲ್ಲಿನ ಸಾಮಾಜಿಕ ಭದ್ರತಾ ವಂತಿಗೆಯಾದ ನ್ಯಾಷನಲ್ ಇನ್ಶೂರೆನ್ಸ್‌ನಲ್ಲಿ ಮಾಲೀಕರ ದರ 5,000 ಪೌಂಡ್ ಮೀರಿದ ಸಂಬಳದ ಮೇಲೆ ಶೇ 15. ಅಂದರೆ 43,000ದ ಮೇಲೆ 6,450 ಪೌಂಡ್. ಕಡ್ಡಾಯ ಪಿಂಚಣಿಯಲ್ಲಿ ಮಾಲೀಕರ ಕನಿಷ್ಠ ಪಾಲು ಶೇ 3. ಅದು 6,240 ಪೌಂಡ್ ಮೀರಿದ ಭಾಗಕ್ಕೆ ಅನ್ವಯಿಸುವುದರಿಂದ ಸುಮಾರು 1,253 ಪೌಂಡ್. ಒಟ್ಟು ವೆಚ್ಚ 55,700ರ ಆಸುಪಾಸು. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಅರ್ಹ ಸಣ್ಣ ಮಾಲೀಕರಿಗೆ ವರ್ಷಕ್ಕೆ 10,500 ಪೌಂಡ್‌ವರೆಗೆ ಎಂಪ್ಲಾಯ್‌ಮೆಂಟ್ ಅಲೊವೆನ್ಸ್ ಸಿಗುತ್ತದೆ. ನಿಮ್ಮದೇ ಅಂಗಸಂಸ್ಥೆಯಲ್ಲಿ ನಿರ್ದೇಶಕರಲ್ಲದ ಒಬ್ಬರನ್ನು ನೇಮಿಸಿದರೆ ಆ 6,450 ಪೂರ್ತಿಯಾಗಿ ಮಾಫಿಯಾಗಬಹುದು. ಇಒಆರ್ ಸಂಸ್ಥೆಗೆ ನೂರಾರು ಉದ್ಯೋಗಿಗಳಿರುವುದರಿಂದ ಅದು ನಿಮ್ಮಿಂದ ಈ ಮೊತ್ತವನ್ನು ಪೂರ್ತಿ ವಸೂಲು ಮಾಡುತ್ತದೆ. ಕಂಪನಿ ಸ್ಥಾಪನೆ ಮತ್ತು ಲೆಕ್ಕಪತ್ರದ ವಾರ್ಷಿಕ ಖರ್ಚನ್ನು ಈ ಉಳಿತಾಯದ ಪಕ್ಕದಲ್ಲಿಟ್ಟು ನೋಡಿದರೆ, ಬ್ರಿಟನ್ನಿನ ಮಟ್ಟಿಗೆ ಸ್ವಂತ ಕಂಪನಿಯ ಪರವಾದ ವಾದ ಒಬ್ಬನೇ ಉದ್ಯೋಗಿ ಇದ್ದಾಗಲೂ ದುರ್ಬಲವಲ್ಲ. ಸಂಬಳ ಕೊಡುವ ದಿನ ಅಥವಾ ಅದಕ್ಕೂ ಮೊದಲೇ ಇಲಾಖೆಗೆ ವಿವರ ಸಲ್ಲಿಸಬೇಕೆಂಬ ಶಿಸ್ತನ್ನು ಮಾತ್ರ ಮರೆಯುವಂತಿಲ್ಲ.

ಅಮೆರಿಕದಲ್ಲಿ ಒಂದು ಲಕ್ಷ ಡಾಲರ್ ಸಂಬಳಕ್ಕೆ ಮಾಲೀಕರ ಪಾಲು ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45, ಒಟ್ಟು 7,650 ಡಾಲರ್. ಕೇಂದ್ರದ ನಿರುದ್ಯೋಗ ತೆರಿಗೆ ಸಾಮಾನ್ಯವಾಗಿ ತಲೆಗೆ 42 ಡಾಲರ್ ಮಾತ್ರ. ಇಷ್ಟೇ ಎಂದು ಸಮಾಧಾನಪಟ್ಟರೆ ರಾಜ್ಯಗಳ ಲೆಕ್ಕ ಎದುರಾಗುತ್ತದೆ. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿದೆ. ನಿರುದ್ಯೋಗ ವಿಮೆ, ಕಾರ್ಮಿಕ ಪರಿಹಾರ ವಿಮೆಗಳ ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಉದ್ಯೋಗಿ ಮನೆ ಬದಲಿಸಿ ಪಕ್ಕದ ರಾಜ್ಯಕ್ಕೆ ಹೋದರೆ ನೀವು ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಆರೋಗ್ಯ ವಿಮೆ ಸಣ್ಣ ಮಾಲೀಕರಿಗೆ ಕೇಂದ್ರದ ಕಾನೂನಿನಲ್ಲಿ ಕಡ್ಡಾಯವಲ್ಲದಿದ್ದರೂ, ಅದನ್ನು ಕೊಡದೆ ಒಳ್ಳೆಯ ಎಂಜಿನಿಯರ್ ಸಿಗುವುದು ಕಷ್ಟ. ಅಮೆರಿಕದಲ್ಲಿ ಆರಂಭಕ್ಕೆ ಇಒಆರ್ ಮೂಲಕವೇ ಹೋಗುವುದು ಮೇಲು ಎಂದು ನಾನು ಹೇಳುವುದು ಈ ರಾಜ್ಯಗಳ ಗೋಜಲಿನ ಕಾರಣಕ್ಕೆ.

ಜರ್ಮನಿಯಲ್ಲಿ ಪಿಂಚಣಿ, ಆರೋಗ್ಯ, ನಿರುದ್ಯೋಗ, ಆರೈಕೆ ವಿಮೆಗಳೆಲ್ಲ ಸೇರಿ ಮಾಲೀಕರ ಪಾಲು ಸಂಬಳದ ಸುಮಾರು ಶೇ 21ರಷ್ಟಾಗುತ್ತದೆ. ಸಿಂಗಪುರದಲ್ಲಿ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಅಲ್ಲಿನ ಭವಿಷ್ಯ ನಿಧಿಯಾದ ಸಿಪಿಎಫ್ ಕಟ್ಟಬೇಕು. 55 ವಯಸ್ಸಿನವರೆಗೆ ಪೂರ್ಣ ದರ ಮಾಲೀಕರಿಂದ ಶೇ 17, ಉದ್ಯೋಗಿಯಿಂದ ಶೇ 20. ಅಲ್ಲಿ ತಿಂಗಳ ಸಂಬಳದಿಂದ ಆದಾಯ ತೆರಿಗೆ ಕಡಿಯುವ ಪದ್ಧತಿಯೇ ಇಲ್ಲ. ಮಾಲೀಕರು ವರ್ಷಕ್ಕೊಮ್ಮೆ ಮಾರ್ಚ್ 1ರೊಳಗೆ ವಿವರ ಸಲ್ಲಿಸುತ್ತಾರೆ, ತೆರಿಗೆಯನ್ನು ಉದ್ಯೋಗಿಯೇ ಕಟ್ಟುತ್ತಾರೆ. ಆದರೆ ವಿದೇಶಿ ಉದ್ಯೋಗಿ ಕೆಲಸ ಬಿಡುವಾಗ ಇಲಾಖೆಗೆ ಮುಂಚಿತವಾಗಿ ತಿಳಿಸಿ, ಕೊಡಬೇಕಾದ ಹಣವನ್ನು ತಡೆಹಿಡಿಯುವ ಹೊಣೆ ಮಾಲೀಕರದು. ಯುಎಇಯಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ವರ್ಷ ಪೂರೈಸಿದ ವಿದೇಶಿ ಉದ್ಯೋಗಿಗೆ ಮೊದಲ ಐದು ವರ್ಷಗಳಿಗೆ ತಲಾ 21 ದಿನಗಳ, ಆಮೇಲೆ ತಲಾ 30 ದಿನಗಳ ಮೂಲ ವೇತನವನ್ನು ಉಪದಾನವಾಗಿ ಕೊಡಬೇಕು, ವೀಸಾದ ಖರ್ಚನ್ನು ಅವರಿಂದ ವಸೂಲು ಮಾಡುವಂತಿಲ್ಲ ಎಂಬುದನ್ನು ಬಜೆಟ್ ಮಾಡುವಾಗ ಮರೆಯುತ್ತಾರೆ.

ಇಲ್ಲಿಯ ಕಡೆಯ ಕರ್ತವ್ಯಗಳು

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ, ಹಳೆಯ ಟಿಪ್ಪಣಿಗಳಲ್ಲಿನ, ತೆರಿಗೆ ಕಡಿತದ 192, 195ನೇ ಸೆಕ್ಷನ್‌ಗಳನ್ನು ಈಗ 392, 393ರಲ್ಲಿ ಹುಡುಕಬೇಕು. ತತ್ತ್ವ ಹೆಚ್ಚು ಬದಲಾಗಿಲ್ಲ. ಇಒಆರ್‌ಗೆ ಹೋಗುವ ಹಣವನ್ನು ತಾಂತ್ರಿಕ ಸೇವೆಯ ಶುಲ್ಕ ಎಂದು ಇಲಾಖೆ ಪರಿಗಣಿಸಿದರೆ ದೇಶೀಯ ದರ ಶೇ 20, ಅದರ ಮೇಲೆ ಸರ್‌ಚಾರ್ಜ್ ಮತ್ತು ಸೆಸ್. ಒಪ್ಪಂದದ ಕಡಿಮೆ ದರಕ್ಕೆ ಆ ಸಂಸ್ಥೆಯ ನಿವಾಸ ಪ್ರಮಾಣಪತ್ರ ಕೈಯಲ್ಲಿರಬೇಕು. ಅಮೆರಿಕ, ಬ್ರಿಟನ್, ಸಿಂಗಪುರದ ಒಪ್ಪಂದಗಳಲ್ಲಿ, ಸೇವೆ ಕೊಟ್ಟವರು ತಮ್ಮ ತಾಂತ್ರಿಕ ಜ್ಞಾನವನ್ನು ನಿಮಗೆ ವರ್ಗಾಯಿಸಿದರೆ ಮಾತ್ರ ಅದು ಅಂಥ ಶುಲ್ಕ ಎಂಬ ಷರತ್ತಿದೆ. ಯುಎಇ ಒಪ್ಪಂದದಲ್ಲಿ ಈ ಶುಲ್ಕದ ವಿಧಿಯೇ ಇಲ್ಲ. ಆದ್ದರಿಂದ ಇಒಆರ್ ಸಂಸ್ಥೆ ಯಾವ ದೇಶದಿಂದ ಬಿಲ್ಲು ಕೊಡುತ್ತದೆ ಎಂಬುದು ನಿಮ್ಮ ಉದ್ಯೋಗಿ ಯಾವ ದೇಶದಲ್ಲಿದ್ದಾರೆ ಎಂಬುದರಷ್ಟೇ ಮುಖ್ಯ. ಹಲವು ಕರಾರುಗಳಲ್ಲಿ ಭಾರತದಲ್ಲಿ ಕಡಿತವಾಗುವ ಯಾವುದೇ ತೆರಿಗೆಯನ್ನು ನೀವೇ ತುಂಬಿಕೊಡಬೇಕೆಂಬ ಸಾಲು ಕೊನೆಯ ಪುಟಗಳಲ್ಲಿರುತ್ತದೆ.

ಅದೇ ಬಿಲ್ಲು ಜಿಎಸ್‌ಟಿಯ ದೃಷ್ಟಿಯಲ್ಲಿ ಸಾಮಾನ್ಯವಾಗಿ ಸೇವೆಯ ಆಮದು. ರಿವರ್ಸ್ ಚಾರ್ಜ್ ಪ್ರಕಾರ ಶೇ 18ರಷ್ಟನ್ನು ನೀವೇ ನಗದಾಗಿ ಕಟ್ಟಬೇಕು. ರಫ್ತುದಾರರಿಗೆ ಅದು ಕ್ರೆಡಿಟ್ ಅಥವಾ ರಿಫಂಡ್ ಆಗಿ ಹಿಂತಿರುಗುತ್ತದೆ, ಆದರೆ ತಿಂಗಳುಗಟ್ಟಲೆ ಹಣ ಸಿಕ್ಕಿಕೊಂಡಿರುತ್ತದೆ. ಸಂಬಳವೂ ಸೇರಿದ ಪೂರ್ತಿ ಬಿಲ್ಲಿನ ಮೇಲೆ ಈ ಲೆಕ್ಕ ಬರುವುದರಿಂದ ದುಡಿಯುವ ಬಂಡವಾಳ ಕಡಿಮೆಯಿರುವವರಿಗೆ ಇದು ಸಣ್ಣ ಮಾತಲ್ಲ.

ಡೆಪ್ಯುಟೇಷನ್ ಮೇಲೆ ಹೋದವರ ಟಿಡಿಎಸ್ ವಿಷಯದಲ್ಲಿ, ಅವರು ಆ ವರ್ಷ ಅನಿವಾಸಿಯಾಗುತ್ತಾರೆಂದು ನೀವು ನಂಬಿದ್ದಕ್ಕೆ ಆಧಾರವೇನು ಎಂಬುದನ್ನು ಆಡಿಟರಿಂದ ಬರಹದಲ್ಲಿ ಪಡೆದು ಫೈಲಿನಲ್ಲಿಡಬೇಕು. ತಿಂಗಳಿಗೆ 200 ರೂ., ಫೆಬ್ರವರಿಯಲ್ಲಿ 300 ರೂ. ಆಗುವ ನಮ್ಮ ರಾಜ್ಯದ ವೃತ್ತಿ ತೆರಿಗೆಯ ಬಗ್ಗೆಯೂ ಅದೇ ಪತ್ರದಲ್ಲಿ ಕೇಳಿಬಿಡುವುದು ಒಳ್ಳೆಯದು. ಮೊತ್ತ ಸಣ್ಣದೆಂದು ಯಾರೂ ಕೇಳುವುದಿಲ್ಲ, ತಪಾಸಣೆಯಲ್ಲಿ ಮಾತ್ರ ಅದೇ ಮೊದಲು ಕಾಣುತ್ತದೆ.

ಯಾರಿಗೆ ಯಾವುದು

ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಯೊಂದು ಅಮೆರಿಕದಲ್ಲಿ ಗಿರಾಕಿಗಳ ಬೆಂಬಲಕ್ಕೆ ಒಬ್ಬರನ್ನು ನೇಮಿಸುವುದಾದರೆ ಇಒಆರ್ ಸಾಕು. ಸಂಖ್ಯೆ ನಾಲ್ಕೈದಕ್ಕೆ ಏರಿದಾಗ, ಅಥವಾ ಅವರಲ್ಲೊಬ್ಬರು ಮಾರಾಟದ ಕರಾರು ಮಾಡತೊಡಗಿದಾಗ, ಕಂಪನಿ ತೆರೆಯಬೇಕು. ಬ್ರಿಟನ್ನಿನಲ್ಲಾದರೆ ಎರಡು ವರ್ಷಕ್ಕೂ ಹೆಚ್ಚು ಅಲ್ಲಿರುವ ಉದ್ದೇಶವಿದ್ದವರು ಮೊದಲೇ ಅಂಗಸಂಸ್ಥೆಯ ಕಡೆ ವಾಲುವುದು ಸರಿ. ಮಂಡ್ಯದ ಬೆಲ್ಲದ ರಫ್ತುದಾರರಿಗೆ ದುಬೈಯಲ್ಲಿ ಬೇಕಾಗುವುದು ಮಾರಾಟ ಪ್ರತಿನಿಧಿಯೇ ಆದ್ದರಿಂದ ಅವರ ಆಯ್ಕೆ ಬೇರೆ: ಬೆಲೆ ಮತ್ತು ಸಹಿಯ ಅಧಿಕಾರವನ್ನು ಮಂಡ್ಯದಲ್ಲೇ ಉಳಿಸಿಕೊಂಡು ಇಒಆರ್ ಮೂಲಕ ಪ್ರತಿನಿಧಿಯನ್ನು ಇಟ್ಟುಕೊಳ್ಳುವುದು, ಇಲ್ಲವೇ ಅಧಿಕಾರವನ್ನೂ ಕೊಟ್ಟು ಅಲ್ಲೇ ಕಂಪನಿ ಮಾಡುವುದು. ಅಲ್ಲಿನ ಕಂಪನಿ ತೆರಿಗೆ 3,75,000 ದಿರ್ಹಮ್ ಲಾಭ ಮೀರಿದ ಮೇಲೆ ಶೇ 9 ಆದ್ದರಿಂದ ಎರಡನೆಯದಕ್ಕೆ ಹೆದರಬೇಕಾಗಿಲ್ಲ. ಅಧಿಕಾರ ಕೊಟ್ಟೂ ಕೊಡದಂತೆ ತೋರಿಸಿಕೊಳ್ಳುವ ನಡುದಾರಿಯಷ್ಟು ಅಪಾಯಕಾರಿ ಬೇರೆ ಇಲ್ಲ, ಏಕೆಂದರೆ ಇಮೇಲ್‌ಗಳೇ ಸಾಕ್ಷಿಯಾಗುತ್ತವೆ. ನಂಜನಗೂಡಿನ ಯಂತ್ರ ತಯಾರಕರಿಗೆ ಡೆಪ್ಯುಟೇಷನ್‌ಗೆ ಸಮನಾದ ದಾರಿಯಿಲ್ಲ. ಕವರೇಜ್ ಪ್ರಮಾಣಪತ್ರ ಮುಂಚೆಯೇ ಸಿದ್ಧವಿದ್ದು, ಕಾಮಗಾರಿಯ ಆರಂಭ ಮತ್ತು ಮುಕ್ತಾಯದ ದಿನಾಂಕಗಳನ್ನು ಗಿರಾಕಿಯಿಂದ ಬರಹದಲ್ಲಿ ಪಡೆದಿದ್ದರೆ ಹೆಚ್ಚಿನ ತೊಡಕುಗಳು ತಲೆಯೆತ್ತುವುದಿಲ್ಲ.

ಇಒಆರ್‌ನಿಂದ ಸ್ವಂತ ಕಂಪನಿಗೆ ಬದಲಾಗುವ ದಿನ ಬರುತ್ತದೆಂದು ಮೊದಲೇ ಎಣಿಸಿ ಕರಾರು ಮಾಡಿಕೊಳ್ಳಬೇಕು. ಉದ್ಯೋಗಿಯನ್ನು ನಿಮ್ಮ ಕಂಪನಿಗೆ ವರ್ಗಾಯಿಸಿಕೊಳ್ಳುವಾಗ ಪ್ರತ್ಯೇಕ ಶುಲ್ಕವಿದೆಯೇ, ಅವರ ಹಳೆಯ ಸೇವಾವಧಿ ಮತ್ತು ಬಾಕಿ ರಜೆಗಳು ಮುಂದುವರಿಯುತ್ತವೆಯೇ, ಠೇವಣಿ ಎಷ್ಟು ದಿನದಲ್ಲಿ ಹಿಂತಿರುಗುತ್ತದೆ ಎಂಬುದನ್ನು ಅದರಲ್ಲಿ ಬರೆಸಬೇಕು. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿಯ ವಾರ್ಷಿಕ ಸಂಬಳದ ಮಿತಿಯ ಎಣಿಕೆ ಹೊಸ ಮಾಲೀಕರ ಬಳಿ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹೆಚ್ಚು ಸಂಬಳದ ಉದ್ಯೋಗಿಯನ್ನು ವರ್ಷದ ನಡುವೆ ಬದಲಿಸಿದರೆ ಮಾಲೀಕರ ಪಾಲಿನ ಒಂದು ಭಾಗವನ್ನು ಎರಡು ಸಲ ಕಟ್ಟಿದಂತಾಗುವುದರಿಂದ, ಬದಲಾವಣೆಯನ್ನು ಜನವರಿ 1ಕ್ಕೆ ಹೊಂದಿಸಿಕೊಳ್ಳುವುದು ವಾಸಿ.